ಅಜ್ಜಿಯ ನೇರಳೆ ಸೀರೆ ಮತ್ತು ರವಿಕೆಯ ಜಗಳ

ಪ್ರಶ್ನೆ: ನಾವು ಹಾಸನದವರು. ಮಾಘದಲ್ಲಿ ಮಗಳ ಮದುವೆ. ಅದಕ್ಕೆ ಮೊದಲು ಬೇಲೂರಿನಲ್ಲಿ ಹೊಯ್ಸಳರ ಕಾಲದ ಉಡುಪು ಹಾಕಿಕೊಂಡು ಫೋಟೊ ತೆಗೆಸಬೇಕು ಅಂತ ಅವಳ ಆಸೆ. ರವಿಕೆ ಬ್ರಿಟಿಷರು ತಂದಿದ್ದು, ಬೇಕಾದರೆ ಮದನಿಕೆಯರನ್ನು ನೋಡಿ, ಯಾರಿಗೂ ರವಿಕೆ ಇಲ್ಲ ಅನ್ನುತ್ತಾಳೆ. ನಮ್ಮ ಭಾವನವರು, ಹೊಲಿದ ಬಟ್ಟೆಯೆಲ್ಲ ಮುಸಲ್ಮಾನರಿಂದ ಬಂದಿದ್ದು, ನಮ್ಮದು ಅಂದರೆ ಮುಂದೆ ನೆರಿಗೆ ಹಿಡಿದು ಎಡಗಡೆ ಸೆರಗು ಹಾಕುವ ಸೀರೆ, ಅದು ಸಾವಿರಾರು ವರ್ಷದಿಂದ ಹಾಗೇ ಇದೆ ಅನ್ನುತ್ತಾರೆ. ಆರತಕ್ಷತೆಗೆ ಬಿಳಿ ಗೌನ್ ಬೇಕು ಅಂದಾಗ ಜಗಳ ಜೋರಾಯಿತು. ಇದರ ನಡುವೆ ಟ್ರಂಕಿನಲ್ಲಿ ನಮ್ಮ ಅತ್ತೆಯ ತಾಯಿಯ ಹದಿನೆಂಟು ಮೊಳದ ನೇರಳೆ ರೇಷ್ಮೆ ಸೀರೆ ಸಿಕ್ಕಿತು. ಇನ್ನೂರು ವರ್ಷದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಜರಿ ಕಪ್ಪಾಗಿದೆ. ಅದನ್ನು ಕತ್ತರಿಸಿ ಲೆಹೆಂಗಾ ಹೊಲಿಸೋಣ ಅಂತ ಮಗಳು. ಹಳೆ ಜರಿ ಸೀರೆ ಕೊಳ್ಳುವವನೊಬ್ಬ ಬಾಗಿಲಿಗೆ ಬಂದು ದುಡ್ಡು ಕೊಡುತ್ತೇನೆ ಅಂದ. ಯಾರು ಹೇಳುವುದು ನಿಜ? ಸೀರೆಯನ್ನು ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಸೀರೆಗೆ ಕತ್ತರಿ ಹಾಕಬೇಡಿ. ಬಾಗಿಲಿಗೆ ಬಂದವನಿಗೂ ಕೊಡಬೇಡಿ. ಅವರು ಆ ಸೀರೆಯನ್ನು ಉಡುವವರಿಗೆ ಮಾರುವುದಿಲ್ಲ. ಸುಟ್ಟು, ಜರಿಯಲ್ಲಿರುವ ಬೆಳ್ಳಿಯನ್ನು ಕರಗಿಸಿ ತೆಗೆಯುತ್ತಾರೆ. ನಾನು ಚಿಕ್ಕಮಗಳೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಳೆ ಬಟ್ಟೆ ಸರಿಪಡಿಸುವ, ನಾಟಕಗಳಿಗೆ ಉಡುಪು ಸಿದ್ಧಮಾಡುವ ಕೆಲಸದಲ್ಲಿದ್ದೇನೆ. "ಕೊಟ್ಟುಬಿಟ್ಟೆವು, ಈಗ ಹೊಟ್ಟೆ ಉರಿಯುತ್ತದೆ" ಅಂತ ಬಂದು ಹೇಳಿದವರು ಒಬ್ಬಿಬ್ಬರಲ್ಲ.

ಇನ್ನು ನಿಮ್ಮ ಮನೆಯ ಜಗಳ. ಮಗಳ ಮಾತಿನಲ್ಲೂ ಅರ್ಧ ನಿಜ ಇದೆ, ಭಾವನವರ ಮಾತಿನಲ್ಲೂ ಅರ್ಧ ನಿಜ ಇದೆ. ಇಬ್ಬರೂ ತಪ್ಪಿರುವುದು ಎಲ್ಲಿ ಅಂತ ತೋರಿಸುವ ಸಾಕ್ಷಿ ನಿಮ್ಮ ಟ್ರಂಕಿನಲ್ಲೇ ಮಡಚಿ ಕೂತಿದೆ.

ರವಿಕೆಯಿಂದ ಶುರುಮಾಡೋಣ. 'ಬ್ಲೌಸ್' ಅನ್ನುವ ಪದ ಇಂಗ್ಲಿಷರ ಜೊತೆ ಬಂತು, ಅದು ನಿಜ. ಆದರೆ ನಮ್ಮ ಅಜ್ಜಿಯರು ಅದನ್ನು ಕುಪ್ಪಸ ಅನ್ನುತ್ತಿದ್ದರಲ್ಲ, ಆ ಪದ ಸಂಸ್ಕೃತದ ಕೂರ್ಪಾಸಕದಿಂದ ಬಂದದ್ದು. ಸಂಸ್ಕೃತದ ಹಳೆ ನಿಘಂಟು ಅಮರಕೋಶದಲ್ಲಿ ಚೋಲ, ಕೂರ್ಪಾಸಕ ಎರಡೂ ಪಕ್ಕಪಕ್ಕದಲ್ಲೇ ಇವೆ. ಈಗಿನ ಚೋಲಿ ಆ ಚೋಲದ ಕಡೆಯದೇ. ಅಂದರೆ ಮೈಗೆ ಅಂಟಿದ ಹಾಗೆ ತೊಡುವ ಮೇಲುಡುಪಿಗೆ ಬ್ರಿಟಿಷರು ಬರುವುದಕ್ಕೆ ಸಾವಿರ ವರ್ಷ ಮೊದಲೇ ಇಲ್ಲಿ ಹೆಸರಿತ್ತು. ಹೆಸರಿದ್ದ ಮಾತ್ರಕ್ಕೆ ಎಲ್ಲರೂ ಅದನ್ನು ತೊಡುತ್ತಿದ್ದರು ಅಂತ ಅರ್ಥ ಅಲ್ಲ, ಇದನ್ನೂ ನೆನಪಿಡಿ. ದಕ್ಷಿಣದ ಬಹಳ ಕಡೆ, ಅದರಲ್ಲೂ ಸೆಕೆ ಜಾಸ್ತಿ ಇರುವ ಕರಾವಳಿಯಲ್ಲಿ, ಹೆಣ್ಣಾಗಲಿ ಗಂಡಾಗಲಿ ಸೊಂಟದ ಮೇಲೆ ಹೊಲಿದದ್ದೇನೂ ಹಾಕದೆ ಇರುವುದು ಆಗ ಸಾಮಾನ್ಯ ಸಂಗತಿಯಾಗಿತ್ತು. ಅದರಲ್ಲಿ ನಾಚಿಕೆಯ ಪ್ರಶ್ನೆಯೇ ಇರಲಿಲ್ಲ. ಕೆಲವು ಕಡೆ ಇದು ಇಷ್ಟದ ಮಾತೂ ಆಗಿರಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲ್ವಸ್ತ್ರ ತೊಡುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿದರು, ಏಟು ತಿಂದರು. ಕೊನೆಗೆ 1859ರಲ್ಲಿ ಅಲ್ಲಿನ ಮಹಾರಾಜರಿಂದ ಅನುಮತಿಯ ಆದೇಶ ಬಂತು. ಹಾಗಾಗಿ "ರವಿಕೆ ಇಲ್ಲದಿರುವುದೇ ನಮ್ಮ ಸಂಸ್ಕೃತಿ" ಅಂತ ಮಗಳು ಹೇಳುವಾಗ, ಅದೇ ಬಟ್ಟೆಗಾಗಿ ಬೀದಿಯಲ್ಲಿ ನಿಂತವರೂ ಇದ್ದರು ಅನ್ನುವುದನ್ನು ಅವಳಿಗೆ ಹೇಳಿ.

ಹಾಗಾದರೆ ಮದನಿಕೆಯರು? ಬೇಲೂರಿನ ಗುಡಿ 1117ರಲ್ಲಿ ವಿಷ್ಣುವರ್ಧನನ ಕಾಲದ್ದು. ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಬಹುದು. ಆದರೆ ಮೈಮೇಲಿನ ತೆಳು ಬಟ್ಟೆಯನ್ನು ಕಲ್ಲಿನಲ್ಲಿ ತೋರಿಸುವುದು ಹೇಗೆ? ಗೀರು ಎಳೆದು ತೋರಿಸಬೇಕು. ಮುಂದಿನ ಸಲ ಹೋದಾಗ ಕೋತಿ ಬಟ್ಟೆ ಎಳೆಯುತ್ತಿರುವ ಮದನಿಕೆಯ ಕೆಳಗೆ ಐದು ನಿಮಿಷ ನಿಂತು ನೋಡಿ. ದೂರದಿಂದ ಬರೀ ಕಾಲು ಅನ್ನಿಸುವ ಕಡೆಯೇ ಬಟ್ಟೆ ಇದೆ. ಕೋತಿ ಎಳೆದಾಗ ಮಾತ್ರ ಅದು ಮೈಬಿಟ್ಟು ಬೇರೆಯಾಗಿ ಕಾಣುತ್ತದೆ. ಬೇರೆ ಶಿಲ್ಪಗಳಲ್ಲೂ ತೊಡೆಯ ಮೇಲೆ ಸಣ್ಣ ಗೆರೆ, ಅಂಚಿನ ಸಾಲು ಹುಡುಕಿದರೆ ಸಿಗುತ್ತವೆ. ಇನ್ನೊಂದು ವಿಷಯ, ಅವರು ಕುಣಿಯುವವರು, ಬೇಟೆಯಾಡುವವರು, ಕನ್ನಡಿ ನೋಡಿಕೊಳ್ಳುವ ಚೆಲುವೆಯರು. ಆ ಕಾಲದಲ್ಲಿ ಬೇಲೂರಿನ ಹೆಂಗಸೊಬ್ಬಳು ಚಳಿಗಾಲದ ಬೆಳಿಗ್ಗೆ ನೀರಿಗೆ ಹೋಗುವಾಗ ಏನು ಹೊದ್ದಿದ್ದಳು ಅಂತ ಈ ಶಿಲ್ಪಗಳನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಈಗಿನ ಸಿನಿಮಾ ಪೋಸ್ಟರ್ ನೋಡಿ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಜನ ಏನು ಹಾಕುತ್ತಾರೆ ಅಂತ ಹೇಳಲು ಆಗುವುದಿಲ್ಲವಲ್ಲ, ಇದೂ ಹಾಗೆಯೇ.

ಹಳೇಬೀಡಿಗೂ ಹೋದರೆ ಅಲ್ಲಿ ಎತ್ತರದ ಪಾದರಕ್ಷೆ ತೊಟ್ಟ ಶಿಲ್ಪ ತೋರಿಸಿ "ಹೈಹೀಲ್ಸ್ ಹುಟ್ಟಿದ್ದೇ ಇಲ್ಲಿ" ಅಂತ ಯಾರಾದರೂ ಹೇಳಬಹುದು. ಹತ್ತಿರ ಹೋಗಿ ನೋಡಿ, ಅದು ಹಾವುಗೆ. ಮುಂದೆ ಹಿಂದೆ ಒಂದೇ ದಪ್ಪ, ಕೆಸರಿನಿಂದ ಕಾಲನ್ನು ಮೇಲೆ ಇಡುವ ಮರದ ಪಾದುಕೆ. ಹಿಮ್ಮಡಿ ಮಾತ್ರ ಎತ್ತರಿಸಿದ ಪಾದರಕ್ಷೆ ಪರ್ಷಿಯಾದ ಕುದುರೆ ಸವಾರರದ್ದು. ರಿಕಾಪಿನಲ್ಲಿ, ಅಂದರೆ ಜೀನಿನಿಂದ ತೂಗುವ ಕಾಲ್ಕೊಂಡಿಯಲ್ಲಿ, ಕಾಲು ಜಾರದೆ ನಿಲ್ಲಬೇಕು, ನಿಂತು ಬಾಣ ಬಿಡಬೇಕು, ಅದಕ್ಕೆ. 1600ರ ಸುಮಾರಿಗೆ ಅದು ಯೂರೋಪಿಗೆ ಹೋದಾಗ ಮೊದಲು ಮೆರೆದದ್ದು ಗಂಡಸರ ಕಾಲಲ್ಲಿ. ಫ್ರಾನ್ಸಿನ ದೊರೆ 14ನೇ ಲೂಯಿ ಕೆಂಪು ಹಿಮ್ಮಡಿ ತೊಡುತ್ತಿದ್ದ.

ಈಗ ಭಾವನವರ ಮಾತು. ಹೊಲಿಗೆಯೇ ಹೊರಗಿನದು ಅನ್ನುವುದು ಬಹಳ ಜನ ನಂಬಿರುವ ಮಾತು, ಆದರೆ ನಿಲ್ಲುವುದಿಲ್ಲ. ಹರಪ್ಪ ಕಾಲದ ಊರುಗಳಲ್ಲಿ ಸೂಜಿಗಳು ಸಿಕ್ಕಿವೆ. ಮಥುರಾದಲ್ಲಿ ಸಿಕ್ಕ ಕುಶಾನ ದೊರೆ ಕನಿಷ್ಕನ ತಲೆಯಿಲ್ಲದ ವಿಗ್ರಹಕ್ಕೆ ಉದ್ದ ಕೋಟು, ದಪ್ಪ ಬೂಟು ಇದೆ. ಅದು ಇಸ್ಲಾಂ ಹುಟ್ಟುವುದಕ್ಕೆ ನಾಲ್ಕೈದು ಶತಮಾನ ಮೊದಲಿನದು. ಅಜಂತಾದ ಒಂದನೇ ಗುಹೆಯಲ್ಲಿ ಕುಣಿಯುವ ಹೆಂಗಸಿನ ಮೈಮೇಲೆ ಉದ್ದ ತೋಳಿನ ಹೊಲಿದ ಉಡುಪು ಕಾಣುತ್ತದೆ. ಅವರ ಮಾತಿನಲ್ಲಿ ನಿಜ ಇರುವುದು ಬೇರೆ ಕಡೆ. ಕೆಲವು ಹೊಲಿದ ಉಡುಪುಗಳು ಪರ್ಷಿಯಾ, ಅರಬ್ ಕಡೆಯಿಂದಲೇ ಬಂದವು, ಅದನ್ನು ನಮ್ಮ ದೊರೆಗಳು ಖುಷಿಯಿಂದಲೇ ತೊಟ್ಟರು. ವಿಜಯನಗರದ ಆಸ್ಥಾನದಲ್ಲಿ ದೊಡ್ಡವರು ಹಾಕುತ್ತಿದ್ದ ಉದ್ದ ಅಂಗಿ ಕಬಾಯಿ, ತಲೆಯ ಮೇಲಿನ ಎತ್ತರದ ಟೋಪಿ ಕುಲ್ಲಾಯಿ. ಕಬಾಯಿ ಅನ್ನುವುದು ಅರಬ್ಬಿಯ 'ಕಬಾ', ಕುಲ್ಲಾಯಿ ಅನ್ನುವುದು ಪರ್ಷಿಯನ್ನಿನ 'ಕುಲಾಹ್'. ಲೇಪಾಕ್ಷಿಯ ಗುಡಿಯ ಚಾವಣಿಯಲ್ಲಿ ಆ ಟೋಪಿ ತೊಟ್ಟ ಗಂಡಸರ ಚಿತ್ರ ಇವತ್ತಿಗೂ ಇದೆ, ದೇವಸ್ಥಾನದ ಒಳಗೇ. ಭಾವನವರು ಮದುವೆಯಲ್ಲಿ ಪಂಚೆಯ ಮೇಲೆ ಕೋಟು ಹಾಕುವವರೇ ಇರಬೇಕು. ಆ ಕೋಟು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳ ಬಟ್ಟೆಗೆ ಮಾತ್ರ ಈ ವಿಚಾರಣೆ ನಡೆಯುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ.

ಇನ್ನು "ಸಾವಿರಾರು ವರ್ಷದಿಂದ ಹಾಗೇ ಇರುವ ಸೀರೆ". ಇಲ್ಲಿ ನಿಮ್ಮ ಟ್ರಂಕಿನ ಸಾಕ್ಷಿ ಬೇಕು. ಆ ಸೀರೆ ಹದಿನೆಂಟು ಮೊಳ, ಅಂದರೆ ಒಂಬತ್ತು ಗಜ. ಈಗಿನದು ಐದೂವರೆಯಿಂದ ಆರೂಕಾಲು ಮೀಟರ್. ಯಾಕೆ ಅಷ್ಟು ಉದ್ದ? ಒಳಗೆ ಲಂಗ ಇರಲಿಲ್ಲ. ಸೀರೆಯೇ ಸೊಂಟಕ್ಕೆ ಸುತ್ತಿ, ಗಂಟು ಹಾಕಿ, ಕೆಲವು ಮನೆಗಳಲ್ಲಿ ಹಿಂದಕ್ಕೆ ಕಚ್ಚೆ ಸಿಕ್ಕಿಸಿ, ತಾನೇ ತಾನಾಗಿ ನಿಲ್ಲಬೇಕಿತ್ತು. ಹಾಸನ, ಚಿಕ್ಕಮಗಳೂರು ಎರಡೇ ಜಿಲ್ಲೆ ತೆಗೆದುಕೊಂಡರೂ ಉಡುವ ರೀತಿ ಒಂದೇ ಇರಲಿಲ್ಲ. ಬ್ರಾಹ್ಮಣರ ಮನೆಯ ಕಚ್ಚೆ ಒಂದು ಥರ. ಮಲೆನಾಡಿನ ಒಕ್ಕಲಿಗರ ಗೊಬ್ಬೆ ಸೀರೆ ಇನ್ನೊಂದು ಥರ, ಭುಜದ ಹತ್ತಿರ ಗಂಟು ಬಿಗಿದರೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವಾಗಲೂ ಸೆರಗು ಜಾರುವುದಿಲ್ಲ. ಸಕಲೇಶಪುರ ದಾಟಿ ಕೊಡಗಿನ ಕಡೆ ಹೋದರೆ ನೆರಿಗೆ ಬೆನ್ನ ಹಿಂದೆ. ಭಾವನವರ ಸ್ವಂತ ಅಜ್ಜಿ ಅವರು ಹೇಳುವ ಹಾಗೆ ಸೀರೆ ಉಟ್ಟಿರಲಿಕ್ಕಿಲ್ಲ. ಹಳೆ ಫೋಟೊ ಇದ್ದರೆ ತೆಗೆದು ತೋರಿಸಿ, ಜಗಳ ಅಲ್ಲಿಗೇ ತಣ್ಣಗಾಗುತ್ತದೆ.

ನೆರಿಗೆ ಹಿಡಿಯುವುದು ಹಳೆಯದೇ. ಸೀರೆ ಅನ್ನುವ ಪದವೂ ಹಳೆಯದೇ. ಆದರೆ ಲಂಗ, ರವಿಕೆ, ಮುಂದೆ ನೆರಿಗೆ, ಎಡಭುಜದ ಮೇಲೆ ಸೆರಗು ಈ ಪೂರ್ತಿ ಜೋಡಿ ದೇಶದ ತುಂಬ ಹರಡಿದ್ದು ಕಳೆದ 150 ವರ್ಷದಲ್ಲಿ. ಅದರ ಹಿಂದೆ ಒಬ್ಬ ಹೆಂಗಸಿನ ಕಷ್ಟ ಇದೆ. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರಿಗೆ 1860ರ ದಶಕದಲ್ಲಿ ಬೊಂಬಾಯಿ ಕಡೆ ಕೆಲಸ ಸಿಕ್ಕಿತು. ಹೆಂಡತಿ ಜ್ಞಾನದಾನಂದಿನಿ ದೇವಿ ಜೊತೆಗೆ ಹೊರಡಬೇಕು. ಆಗಿನ ಬಂಗಾಳದ ಹೆಂಗಸರು ಮನೆಯೊಳಗೆ ಉಡುತ್ತಿದ್ದ ಒಂದೇ ತೆಳು ಸೀರೆಯಲ್ಲಿ ಹೊರಗೆ ಹೋಗುವ ಹಾಗಿರಲಿಲ್ಲ. ಆಕೆ ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ, ಬಲಗೈ ಕೆಲಸಕ್ಕೆ ಬಿಡುವಾಗಿರಲಿ ಅಂತ ಸೆರಗನ್ನು ಎಡಭುಜಕ್ಕೆ ತಂದು, ಒಳಗೆ ಲಂಗ, ಮೇಲೆ ರವಿಕೆ ಸೇರಿಸಿ ಒಂದು ಕ್ರಮ ಮಾಡಿಕೊಂಡರು. ಊರಿಗೆ ಹಿಂತಿರುಗಿ ಬೇರೆಯವರಿಗೂ ಕಲಿಸಿದರು. ಇತ್ತ ರವಿವರ್ಮ ದೇವತೆಗಳಿಗೆಲ್ಲ ಸೀರೆ ಉಡಿಸಿ ಚಿತ್ರ ಬರೆದ, 1894ರಲ್ಲಿ ಬೊಂಬಾಯಿಯಲ್ಲಿ ಅಚ್ಚಿನ ಪ್ರೆಸ್ ಹಾಕಿದ. ಆ ಅಚ್ಚಿನ ಪಟಗಳು ಮನೆಮನೆಯ ದೇವರ ಗೂಡಿಗೆ ಬಂದವು. ದಿನಾ ಕೈಮುಗಿಯುವ ಲಕ್ಷ್ಮಿ, ಸರಸ್ವತಿ ಹೀಗೆ ಉಟ್ಟಿದ್ದಾರೆ ಅಂದಮೇಲೆ ಅದು ಅನಾದಿಯಿಂದ ಇದ್ದದ್ದು ಅಂತ ಅನ್ನಿಸದೆ ಇರುತ್ತದೆಯೇ? ಭಾವನವರ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ನಾನೂ ಅದೇ ಪಟಗಳ ಕೆಳಗೆ ಬೆಳೆದದ್ದು.

ಸೆರಗಿಗೆ ಚುಚ್ಚುವ ಪಿನ್ನೂ ಅಷ್ಟೇ. ನ್ಯೂಯಾರ್ಕಿನ ವಾಲ್ಟರ್ ಹಂಟ್ ಅನ್ನುವವನು 1849ರಲ್ಲಿ ಮಾಡಿದ್ದು. ಸಾಲ ತೀರಿಸಲು ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಇವತ್ತು ಆ ಪಿನ್ನಿಲ್ಲದೆ ನಮ್ಮಲ್ಲಿ ಒಂದು ಮದುವೆಯೂ ನಡೆಯುವುದಿಲ್ಲ.

ಬಿಳಿ ಗೌನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಬಿಳಿ ಸ್ಯಾಟಿನ್ ಹಾಕಿದಳು, ಇಂಗ್ಲೆಂಡಿನ ಲೇಸ್ ಹೆಣೆಯುವವರಿಗೆ ಕೆಲಸ ಸಿಗಲಿ ಅನ್ನುವುದೂ ಒಂದು ಕಾರಣ. ಅದಕ್ಕೆ ಮೊದಲು ಅಲ್ಲಿಯ ಮದುಮಗಳು ಇರುವುದರಲ್ಲಿ ಚೆನ್ನಾಗಿರುವ ಯಾವ ಬಣ್ಣದ ಬಟ್ಟೆಯನ್ನಾದರೂ ಹಾಕುತ್ತಿದ್ದಳು. ಮಗಳಿಗೆ ಇಷ್ಟವಾದರೆ ಹಾಕಿಕೊಳ್ಳಲಿ ಬಿಡಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಸೀರೆ. ಅದು ಇನ್ನೂರು ವರ್ಷದ್ದು ಹೌದೋ ಅಲ್ಲವೋ ಅಂತ ಮನೆಯಲ್ಲೇ ಒಂದು ಮಟ್ಟಿಗೆ ತಿಳಿಯಬಹುದು. ತಲೆಮಾರಿನ ಲೆಕ್ಕ ನೋಡಿದರೆ, ಅತ್ತೆಯ ತಾಯಿಯ ಮದುವೆಯ ಸೀರೆ ಆದರೆ ನೂರರ ಆಸುಪಾಸು ಇರಬೇಕು. ಬಣ್ಣವೂ ಸ್ವಲ್ಪ ಹೇಳುತ್ತದೆ. ಕಣ್ಣು ಕುಕ್ಕುವ ನೇರಳೆ ಮೊದಲು ಕಾರ್ಖಾನೆಯ ಬಣ್ಣವಾಗಿ ಬಂದದ್ದು 1856ರಲ್ಲಿ, ಅದೂ ಅಚಾನಕ್ಕಾಗಿ. ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಅನ್ನುವ ಹದಿನೆಂಟರ ಹುಡುಗ ಕ್ವಿನೈನ್ ತಯಾರಿಸಲು ಹೊರಟಿದ್ದ. ಅದೇ ನಮ್ಮ ಮಲೆನಾಡಿನವರು ಚಳಿಜ್ವರಕ್ಕೆ ನುಂಗುತ್ತಿದ್ದ ಕಹಿ ಔಷಧಿ. ಕ್ವಿನೈನ್ ಸಿಗಲಿಲ್ಲ, ಪಾತ್ರೆಯಲ್ಲಿ ಕಪ್ಪು ಗಸಿ ಉಳಿಯಿತು. ಅದನ್ನು ಮದ್ಯಸಾರದಲ್ಲಿ ಕರಗಿಸಿದರೆ ಸೊಗಸಾದ ನೇರಳೆ! ಎರಡೇ ವರ್ಷದಲ್ಲಿ ಮಗಳ ಮದುವೆಗೆ ವಿಕ್ಟೋರಿಯಾ ರಾಣಿ ಅದೇ ಬಣ್ಣದ ಉಡುಪು ಹಾಕಿದಳು. ಅಲ್ಲಿಂದ ಮುಂದೆ ಒಂದೊಂದೇ ಬಣ್ಣ ಕಾರ್ಖಾನೆಯಿಂದ ಬರತೊಡಗಿತು.

ಆದರೆ ದುಡುಕಬೇಡಿ. ರೇಷ್ಮೆಯಲ್ಲಿ ನೇರಳೆ ಕಾಣುವುದಕ್ಕೆ ನೇರಳೆ ಬಣ್ಣವೇ ಬೇಕಿಲ್ಲ. ಉದ್ದಕ್ಕೆ ಹೋಗುವ ಹಾಸಿನ ಎಳೆಗೆ ಕೆಂಪು ನೂಲು, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆಗೆ ನೀಲಿ ನೂಲು ಹಾಕಿ ನೇಯ್ದರೆ ಕಣ್ಣಿಗೆ ನೇರಳೆ ಕಾಣುತ್ತದೆ, ಅಲ್ಲಾಡಿಸಿದರೆ ಬಣ್ಣ ಮಿನುಗಿ ಬದಲಾಗುತ್ತದೆ. ಇದನ್ನು ನೋಡುವುದು ಸುಲಭ. ಸೆರಗಿನ ತುದಿಯ ಕುಚ್ಚು ಹಿಡಿದು ನೋಡಿ. ಅಲ್ಲಿ ಹೊಕ್ಕು ಇರುವುದಿಲ್ಲ, ಬರೀ ಹಾಸಿನ ಎಳೆಗಳು. ಕುಚ್ಚು ಕೆಂಪಾಗಿದ್ದು ಒಡಲು ನೇರಳೆಯಾಗಿದ್ದರೆ ಅದು ಬಹುಮಟ್ಟಿಗೆ ಎರಡು ಬಣ್ಣದ ನೇಯ್ಗೆ. ಕುಚ್ಚೂ ಅಪ್ಪಟ ನೇರಳೆಯಾದರೆ ಕಾರ್ಖಾನೆ ಬಣ್ಣದ ಸಾಧ್ಯತೆ ಜಾಸ್ತಿ, ಅಂದರೆ ಸೀರೆ ಇನ್ನೂರು ವರ್ಷದ್ದಾಗಿರಲಾರದು. ಹಾಗಿದ್ದರೆ ನೀರಿನಲ್ಲಿ ಹಾಕಲೇಬೇಡಿ, ಆ ಕಾಲದ ಎಷ್ಟೋ ಬಣ್ಣಗಳು ನೀರಿಗೆ ಬಿಟ್ಟುಕೊಳ್ಳುತ್ತವೆ. ಒದ್ದೆ ಬಿಳಿ ಹತ್ತಿಯನ್ನು ಒಳಗಿನ ಮೂಲೆಯೊಂದಕ್ಕೆ ಅರ್ಧ ನಿಮಿಷ ಒತ್ತಿದರೆ ಗೊತ್ತಾಗುತ್ತದೆ.

ಜರಿ ಕಪ್ಪಾಗಿದೆ ಅಂತ ಬೇಸರ ಬೇಡ. ಬೆಳ್ಳಿ ಇದ್ದರೆ ಕಪ್ಪಾಗುವುದು ಸಹಜ. ಈಗಲೂ ಸರ್ಕಾರಿ ಕಾರ್ಖಾನೆಯ ಮೈಸೂರು ಸಿಲ್ಕ್ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಮಾತ್ರ ಚಿನ್ನ. ಆ ಚಿನ್ನದ ಪದರ ಎಷ್ಟು ತೆಳು ಅಂದರೆ ಹುಣಸೆಹಣ್ಣು, ನಿಂಬೆರಸ, ಹಲ್ಲುಪುಡಿ ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಚಿನ್ನವೂ ಹೋಗುತ್ತದೆ. ಹಾಗೇ ಬಿಡಿ.

ಲೆಹೆಂಗಾ ಯಾಕೆ ಬೇಡ ಅಂದೆ ಅಂತ ಮಗಳು ಕೇಳುತ್ತಾಳೆ. ಹಳೆ ರೇಷ್ಮೆ ಮೊದಲು ಸೋಲುವುದು ಮಡಿಕೆಯಲ್ಲಿ. ವರ್ಷಗಟ್ಟಲೆ ಒಂದೇ ಕಡೆ ಮಡಚಿಟ್ಟಿದ್ದರೆ ಆ ಗೆರೆಯಲ್ಲಿ ಎಳೆಗಳು ಒಣಗಿದ ಹುಲ್ಲಿನ ಹಾಗೆ ಮುರಿಯುತ್ತವೆ. ಲೆಹೆಂಗಾ ಅಂದರೆ ಸೊಂಟದಲ್ಲಿ ಒತ್ತಾದ ನೆರಿಗೆ, ಹೊಲಿಗೆ ಮಷೀನಿನ ಸೂಜಿಯ ಸಾವಿರಾರು ತೂತು, ಕೆಳಗೆ ಜರಿ ಅಂಚಿನ ಭಾರ. ವರ್ಷಗಳ ಹಿಂದೆ ಒಂದು ಮನೆಯವರ ಒತ್ತಾಯಕ್ಕೆ ಇಂಥದೇ ಸೀರೆಯನ್ನು ನಾನು ಕತ್ತರಿಸಿ ಹೊಲಿದುಕೊಟ್ಟಿದ್ದೆ. ಆರತಕ್ಷತೆಯ ದಿನ ಹುಡುಗಿ ಕುರ್ಚಿಯಲ್ಲಿ ಕೂತಾಗ ಸೊಂಟದ ಪಟ್ಟಿಯಿಂದ ಮಂಡಿಯವರೆಗೆ ಸೀಳಿತು. ಆ ಸೀಳನ್ನು ಹೊಲಿಯಲು ಆಗಲಿಲ್ಲ. ಸೂಜಿ ಹಾಕಿದ ಕಡೆಯೆಲ್ಲ ಬಟ್ಟೆ ಪುಡಿಯಾಗುತ್ತಿತ್ತು. ಆ ತುಂಡುಗಳು ಇನ್ನೂ ನನ್ನ ಬೀರುವಿನಲ್ಲಿವೆ, ಎಸೆಯಲು ಮನಸ್ಸು ಬಂದಿಲ್ಲ.

ಹಾಗೇ ಉಡುವುದಾದರೆ? ಆಗಬಹುದು, ಆದರೆ ಮೊದಲು ಪರೀಕ್ಷೆ. ಹಗಲು ಬೆಳಕಿಗೆ ಎದುರಾಗಿ ಮಡಿಕೆಯ ಗೆರೆಗಳನ್ನು ಹಿಡಿದು ನೋಡಿ. ಬೆಳಕು ಸಣ್ಣ ಸೀಳುಗಳಲ್ಲಿ ತೂರಿ ಬಂದರೆ ಉಡಬೇಡಿ. ಬರದಿದ್ದರೆ ಅರ್ಧ ಗಂಟೆ ಉಟ್ಟು ನಾಲ್ಕು ಫೋಟೊ ತೆಗೆಸಬಹುದು, ಪಿನ್ ಇಲ್ಲದೆ, ಕೂರದೆ. ನಿಮ್ಮ ಸೀರೆಯ ಸೆರಗಿನ ಹತ್ತಿರ ಸಾಸಿವೆ ಕಾಳಿನಷ್ಟು ಕಂದು ಕಲೆಗಳಿವೆಯಾ ನೋಡಿ. ಇದ್ದರೆ ಅವು ಹಳೆ ಪಿನ್ನಿನ ತುಕ್ಕು, ಅಲ್ಲಿ ಬಟ್ಟೆ ಅರ್ಧ ತಿಂದುಹೋಗಿರುತ್ತದೆ. ಡ್ರೈವಾಶ್, ರೋಲ್ ಪಾಲಿಶ್ ಎರಡೂ ಬೇಡ. ರೋಲರಿನ ಎಳೆತಕ್ಕೆ ಗಟ್ಟಿ ಇರುವ ಭಾಗವೂ ಬಿರಿಯುತ್ತದೆ. ಅಂಚನ್ನು ಬಿಚ್ಚಿ ಹೊಸ ಬಟ್ಟೆಗೆ ಹಚ್ಚುವುದು ಅಂತ ಟೈಲರುಗಳು ಹೇಳುತ್ತಾರೆ. ಒಡಲು ಪೂರ್ತಿ ಹಾಳಾಗಿ ಅಂಚು ಮಾತ್ರ ಗಟ್ಟಿ ಇದ್ದಾಗ ನಾನೂ ಅದನ್ನು ಮಾಡುತ್ತೇನೆ. ಅದಕ್ಕೂ ಕತ್ತರಿ ಬೇಕು, ಒಮ್ಮೆ ಕತ್ತರಿಸಿದರೆ ಸೀರೆ ಮತ್ತೆ ಸೀರೆಯಾಗುವುದಿಲ್ಲ.

ಬೇಲೂರಿನ ಫೋಟೊಗೆ ನನ್ನ ಸಲಹೆ ಬೇರೆ. ಬಾಡಿಗೆಗೆ ಸಿಗುವ 'ಹೊಯ್ಸಳ ಡ್ರೆಸ್' ತರಬೇಡಿ. ಅದು ನಿಜವಾಗಿ ಭರತನಾಟ್ಯದ ಹೊಲಿದ ಉಡುಪು, ಮುಂದೆ ಬೀಸಣಿಗೆಯ ಹಾಗೆ ನೆರಿಗೆ ಬಿಚ್ಚಿಕೊಳ್ಳುವಂಥದು. ಆ ರೂಪ ಬಂದದ್ದು 1930ರ ದಶಕದ ಈಚೆಗೆ, ಮದ್ರಾಸಿನಲ್ಲಿ ರುಕ್ಮಿಣೀದೇವಿ ಅರುಂಡೇಲ್ ನೃತ್ಯವನ್ನು ಹೊಸದಾಗಿ ವೇದಿಕೆಗೆ ತಂದ ಮೇಲೆ. ಅದರ ಬದಲು ಒಂಬತ್ತು ಗಜದ ಇಳಕಲ್ ಸೀರೆ ಒಂದು ಕೊಳ್ಳಿ, ಈಗಲೂ ಆ ಉದ್ದದಲ್ಲಿ ನೇಯುತ್ತಾರೆ. ಲಂಗ ಇಲ್ಲದೆ, ಬಿಗಿಯಾಗಿ ಕಚ್ಚೆ ಹಾಕಿ ಉಡಿಸಿ. ಮೇಲೆ ಅಗಲ ಕಡಿಮೆಯ ಎದೆಕಟ್ಟು, ಅಥವಾ ಹಿಂದೆ ಕಟ್ಟುವ ಕುಪ್ಪಸ, ಅವಳಿಗೆ ಯಾವುದು ಹಿತವೋ ಅದು. ಮೈಸೂರು ಸಿಲ್ಕ್ ಕ್ರೇಪ್ ಇನ್ನೂ ಚೆನ್ನಾಗಿ ಮೈಗೆ ಬೀಳುತ್ತದೆ, ಶಿಲ್ಪದ ಬಟ್ಟೆಯ ಹಾಗೆ, ಆದರೆ ಕಚ್ಚೆಗೆ ಉದ್ದ ಸಾಲದು. ಅಂದಹಾಗೆ ನಮ್ಮ ಹೆಮ್ಮೆಯ ಆ ಮೈಸೂರು ಸಿಲ್ಕ್ ಕೈಮಗ್ಗದ್ದಲ್ಲ, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರುಮಾಡಿದ್ದು, ಮೊದಲಿನಿಂದಲೂ ಯಂತ್ರದ್ದೇ. ಬೇಲೂರು ಪುರಾತತ್ವ ಇಲಾಖೆಯ ಸ್ಮಾರಕ, ಪೂಜೆ ನಡೆಯುವ ಗುಡಿಯೂ ಹೌದು. ಫೋಟೊ ತೆಗೆಯುವವರ ಹತ್ತಿರ ಮೊದಲೇ ಅನುಮತಿ ಮಾಡಿಸಿಕೊಳ್ಳಲು ಹೇಳಿ. ಒಳಗೆ ಬರಿಗಾಲು. ಮಧ್ಯಾಹ್ನ ಹಾಸುಗಲ್ಲು ಕಾದಿರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಅಜ್ಜಿಯ ಸೀರೆಯನ್ನು ಒಗೆದು ಒಣಗಿಸಿದ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡ, ನಮ್ಮ ಕಡೆಯ ಮಳೆಗಾಲದಲ್ಲಿ ಒಳಗೇ ಬೆವೆತು ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಬಟ್ಟೆಗೆ ತಾಗದ ಹಾಗೆ ಮೂಲೆಯಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ದಪ್ಪ ರಟ್ಟಿನ ಕೊಳವೆಗೆ ಹತ್ತಿ ಬಟ್ಟೆ ಸುತ್ತಿ ಅದರ ಮೇಲೆ ಸೀರೆ ಸುರುಳಿ ಸುತ್ತಿದರೆ ಇನ್ನೂ ಒಳ್ಳೆಯದು, ಮಡಿಕೆಯೇ ಇರುವುದಿಲ್ಲ. ಮತ್ತೆ ಆ ಕುಚ್ಚಿನದೊಂದು ಫೋಟೊ ನನಗೆ ಕಳಿಸಿ. ಬಿಸಿಲಿನಲ್ಲಿ ಬೇಡ, ಜಗುಲಿಯ ನೆರಳಿನಲ್ಲಿ ಬಿಳಿ ಕಾಗದದ ಮೇಲಿಟ್ಟು ತೆಗೆಯಿರಿ. ಕೆಂಪೋ ನೇರಳೆಯೋ ಅಂತ ನೋಡಿ ಹೇಳುತ್ತೇನೆ.